ಹತ್ತು ರಾಗ, ಮೂರು ಯಂತ್ರ

ಭೈರವ ರಾಗದ ಕೋಮಲ ರಿಷಭವು ನಿಂತಲ್ಲಿ ನಿಲ್ಲುವ ಸ್ವರವಲ್ಲ. ಷಡ್ಜದ ಮಗ್ಗುಲಲ್ಲಿಯೇ ಹುಟ್ಟಿ, ಗಾಂಧಾರದ ಕಡೆಗೆ ಒಮ್ಮೆ ಎಳಸಿ, ಮರಳಿ ಷಡ್ಜದತ್ತ ಬಾಗುತ್ತ, ನಸುಗಾಳಿಗೆ ತೂಗುವ ದೀಪದ ಕುಡಿಯಂತೆ ಆಂದೋಲಿಸುವುದೇ ಅದರ ಸ್ವಭಾವವೆಂಬುದನ್ನು ಹಿಂದುಸ್ತಾನಿ ಸಂಗೀತವನ್ನು ಕೆಲಕಾಲ ಕಿವಿಗೊಟ್ಟು ಕೇಳಿದವರೆಲ್ಲರೂ ಬಲ್ಲರು. ಇಂತಹ ಸ್ವರವನ್ನು, ಮೆಟ್ಟಿಲಿನಿಂದ ಮೆಟ್ಟಿಲಿಗೆ ಕಾಲಿಡುವುದನ್ನೇ ಸ್ವಧರ್ಮವಾಗಿ ಉಳ್ಳ ವಿದ್ಯುದ್ಯಂತ್ರವೊಂದರ ವಶಕ್ಕೆ ಒಪ್ಪಿಸುವುದು ಸಂಪ್ರದಾಯದಲ್ಲಿ ಬೆಳೆದ ಮನಸ್ಸಿಗೆ ಮೊದಲು ಅಪಚಾರವಾಗಿಯೇ ತೋರುವುದು. 1982ನೆಯ ಇಸವಿಯಲ್ಲಿ ಮುಂಬಯಿಯ ವಾದಕರೊಬ್ಬರು ಆ ಸಾಹಸವನ್ನು ಮಾಡಿದರು. ಭೈರವವೊಂದನ್ನೇ ಅಲ್ಲ, ಹತ್ತು ರಾಗಗಳನ್ನು ಹಾಗೆ ಒಪ್ಪಿಸಿದರು. ಅವರ ಹೆಸರು ಚರಣಜಿತ್ ಸಿಂಗ್. ಮರುವರ್ಷ ಎಚ್.ಎಂ.ವಿ. ಮುದ್ರೆಯಲ್ಲಿ ಗ್ರಾಮೊಫೋನ್ ಕಂಪನಿಯವರು ಹೊರತಂದ ಆ ಲಾಂಗ್‌ಪ್ಲೇ ತಟ್ಟೆಯ ಹೆಸರು ‘ಸಿಂಥಸೈಜಿಂಗ್: ಟೆನ್ ರಾಗಾಸ್ ಟು ಎ ಡಿಸ್ಕೋ ಬೀಟ್’, ಡಿಸ್ಕೋ ತಾಳಕ್ಕೆ ಹತ್ತು ರಾಗಗಳು. ತಟ್ಟೆ ಹೆಚ್ಚು ಮಾರಾಟವಾಗಲಿಲ್ಲ. ರಾಗ ಬೇಕೆಂದವರಿಗೆ ಅದು ಡಿಸ್ಕೋ ಆಗಿ ಕೇಳಿಸಿತು. ಡಿಸ್ಕೋ ಬೇಕೆಂದವರಿಗೆ ಅದರಲ್ಲಿ ಹಾಡೇ ಇರಲಿಲ್ಲ.

ಇಪ್ಪತ್ತು ವರ್ಷಗಳ ತರುವಾಯ, 2002ರಲ್ಲಿ, ಹಳೆಯ ಹಿಂದಿ ಚಿತ್ರಗೀತೆಗಳ ತಟ್ಟೆಗಳನ್ನು ಅರಸುತ್ತ ದೆಹಲಿಗೆ ಬಂದಿದ್ದ ಎಡೋ ಬೌಮನ್ ಎಂಬ ಡಚ್ ಸಂಗ್ರಾಹಕರ ಕೈಗೆ ಅದರ ಪ್ರತಿಯೊಂದು ಸಿಕ್ಕಿತು. ಅವರು ಮುಂಬಯಿಯಲ್ಲಿ ಚರಣಜಿತ್ ಸಿಂಗರನ್ನು ಹುಡುಕಿಕೊಂಡು ಹೋಗಿ ಕಂಡರು. 2010ರಲ್ಲಿ ‘ಬಾಂಬೆ ಕನೆಕ್ಷನ್’ ಎಂಬ ತಮ್ಮ ಸಂಸ್ಥೆಯಿಂದ ಅದನ್ನು ಮರುಮುದ್ರಿಸಿದರು. ಯುರೋಪಿನ ರಸಿಕವರ್ಗ ಬೆರಗಾಯಿತು. ಏಕೆಂದರೆ, ‘ಆ್ಯಸಿಡ್ ಹೌಸ್’ ಎಂದು ಅವರು ಕರೆಯುವ ನೃತ್ಯಸಂಗೀತಕ್ಕೆ ಮೂಲವೆಂದು ಎಣಿಸಲ್ಪಟ್ಟಿದ್ದುದು ಚಿಕಾಗೊ ನಗರದ ‘ಫ್ಯೂಚರ್’ ಎಂಬ ತರುಣರ ತಂಡ 1987ರಲ್ಲಿ ಹೊರತಂದ ‘ಆ್ಯಸಿಡ್ ಟ್ರ್ಯಾಕ್ಸ್’. ಆ ತರುಣರು ಬಳಸಿದ ಟಿಬಿ-303 ಎಂಬ ಯಂತ್ರದ ಅದೇ ಬುಗ್ಗೆಯುಕ್ಕುವ ನಾದ ಐದು ವರ್ಷ ಮೊದಲೇ ಮುಂಬಯಿಯಲ್ಲಿ ಮೊಳಗಿತ್ತೆಂದು ಈಗ ತಿಳಿಯಬಂದಿತು. ಅಂದಿನಿಂದ ಈ ತಟ್ಟೆಯ ಪ್ರಸ್ತಾಪ ಬಂದಲ್ಲೆಲ್ಲ, ನಮ್ಮ ಪತ್ರಿಕೆಗಳಲ್ಲಿ ಕೂಡ, ಮೊದಲು ಬರುವ ಮಾತು ‘ಚಿಕಾಗೊಗಿಂತ ಮುಂಚೆ’ ಎಂಬುದೇ ಆಗಿದೆ.

ಹೆಮ್ಮೆಪಡುವುದು ಸಹಜ. ಆದರೆ ಆ ಹೆಮ್ಮೆ ತಪ್ಪು ನೆಲೆಯ ಮೇಲೆ ನಿಂತಿದೆಯೆಂದು ನನ್ನ ಭಾವನೆ. ಚಿಕಾಗೊದ ತರುಣರು ಈ ತಟ್ಟೆಯನ್ನು ಕೇಳಿ ತಮ್ಮ ಸಂಗೀತವನ್ನು ಕಟ್ಟಿದವರಲ್ಲ. ಚರಣಜಿತ್ ಸಿಂಗರೂ ಹೊಸದೊಂದು ಪಾಶ್ಚಾತ್ಯ ಪಂಥವನ್ನು ಸ್ಥಾಪಿಸಲು ಹೊರಟವರಲ್ಲ. ಒಂದೇ ಯಂತ್ರ ಎರಡು ಊರುಗಳಲ್ಲಿ ಎರಡು ಬಗೆಯ ಮನಸ್ಸುಗಳ ಕೈಗೆ ಸಿಕ್ಕಿತು, ಅಷ್ಟೆ. ಇನ್ನೊಬ್ಬರ ವಂಶವೃಕ್ಷದಲ್ಲಿ ಮುತ್ತಜ್ಜನ ಸ್ಥಾನವನ್ನು ಪಡೆದುದರಿಂದ ಒಂದು ಕೃತಿಗೆ ಹಿರಿಮೆ ಬರುವುದಾದರೆ, ಅದರೊಳಗಿನ ಲಲಿತ ರಾಗ ಹೇಗಿದೆ, ಮಾಲಕಂಸ ಹೇಗಿದೆ ಎಂದು ವಿಚಾರಿಸುವವರು ಯಾರು? ಆ ವಿಚಾರಣೆ ಮಾಡಬಲ್ಲ ಕಿವಿಗಳು ಇರುವುದು ನಮ್ಮಲ್ಲಿ.

ಚರಣಜಿತ್ ಸಿಂಗರು ಹಿಂದಿ ಚಿತ್ರಸಂಗೀತದ ವಾದ್ಯವೃಂದಗಳಲ್ಲಿ ದುಡಿದವರು. ಗಿಟಾರ್, ಬೇಸ್ ಗಿಟಾರ್, ಕೀಬೋರ್ಡ್ ಎಲ್ಲವನ್ನೂ ನುಡಿಸಬಲ್ಲವರಾಗಿದ್ದರು. 1971ರ ‘ಹರೇ ರಾಮ ಹರೇ ಕೃಷ್ಣ’ ಚಿತ್ರದ ‘ದಮ್ ಮಾರೋ ದಮ್’ ಹಾಡಿನಲ್ಲಿ ಕೇಳಿಬರುವ ಟ್ರಾನ್ಸಿಕಾರ್ಡ್ ಎಂಬ ವಿದ್ಯುತ್ ಅಕಾರ್ಡಿಯನ್ನಿನ ನಾದ ಅವರ ಕೈಯದು. ಆ ಹಾಡನ್ನು ಗುನುಗದವರಿಲ್ಲ. ಆ ಕೈ ಯಾರದೆಂದು ಕೇಳಿದವರು ವಿರಳ. ನಮ್ಮ ಕನ್ನಡ ಚಿತ್ರಗೀತೆಗಳ ಬಹುಭಾಗ ಮದರಾಸಿನ ಸ್ಟುಡಿಯೋಗಳಲ್ಲಿ ಮುದ್ರಿತವಾಗುತ್ತಿದ್ದ ಕಾಲದ ಮಾತೂ ಇದೇ ಅಲ್ಲವೆ? ಹಾಡಿದವರ, ಬರೆದವರ, ರಾಗ ಸಂಯೋಜಿಸಿದವರ ಹೆಸರು ನಮಗೆ ಬಾಯಿಪಾಠ. ಪಲ್ಲವಿ-ಚರಣಗಳ ನಡುವೆ ಹೃದಯವನ್ನು ಹಿಂಡುವ ಕೊಳಲನ್ನೋ ಪಿಟೀಲನ್ನೋ ನುಡಿಸಿದವರು ಯಾರೆಂದು ಕೇಳಿದರೆ ನಾವು ಮೌನವಾಗುತ್ತೇವೆ.

ಆ ವರ್ಷಗಳಲ್ಲಿ ಹಿಂದಿ ಚಿತ್ರರಂಗವನ್ನು ಡಿಸ್ಕೋ ಆವರಿಸಿತ್ತು. 1980ರಲ್ಲಿ ಬಂದ ‘ಕುರ್ಬಾನಿ’ ಚಿತ್ರದ ‘ಆಪ್ ಜೈಸಾ ಕೋಯಿ’ ಹಾಡು ಅದಕ್ಕೆ ದೊಡ್ಡ ಬಾಗಿಲನ್ನು ತೆರೆಯಿತು. ಅದರ ಸಂಯೋಜಕರಾದ ಬಿದ್ದು ಅಪ್ಪಯ್ಯನವರು ಬೆಂಗಳೂರಿನಲ್ಲಿ ಹುಟ್ಟಿ, ಇಂಗ್ಲೆಂಡಿಗೆ ಹೋಗಿ ಹೆಸರು ಮಾಡಿದ ಕೊಡವರೆಂಬುದನ್ನು ಇಲ್ಲಿ ಸಂತೋಷದಿಂದ ನೆನೆಯಬಹುದು. ದಿನಬೆಳಗಾದರೆ ಇನ್ನೊಬ್ಬರ ಡಿಸ್ಕೋ ಹಾಡುಗಳಿಗೆ ನುಡಿಸುತ್ತಿದ್ದ ಚರಣಜಿತ್ ಸಿಂಗರಿಗೆ, ಈ ತಾಳವನ್ನು ಇಟ್ಟುಕೊಂಡು, ತಬಲೆಯನ್ನು ಬದಿಗಿರಿಸಿ, ರಾಗಗಳನ್ನೇ ಏಕೆ ನುಡಿಸಬಾರದೆಂಬ ಯೋಚನೆ ಹೊಳೆಯಿತು. ಸಿಂಗಾಪುರದಿಂದ ತಂದಿದ್ದ ಹೊಸ ಯಂತ್ರಗಳು ಕೈಯಲ್ಲಿದ್ದವು. ಮುದ್ರಣ ಎರಡೇ ದಿನಗಳಲ್ಲಿ ಮುಗಿಯಿತು.

ಯಂತ್ರಗಳು ಮೂರು, ಮೂರೂ ಜಪಾನಿನ ರೋಲ್ಯಾಂಡ್ ಕಂಪನಿಯವು. ಮೊದಲನೆಯದು ಜೂಪಿಟರ್-8: ಏಕಕಾಲಕ್ಕೆ ಎಂಟು ಸ್ವರಗಳನ್ನು ಹೊರಡಿಸಬಲ್ಲ, ಅರುವತ್ತೊಂದು ಮನೆಗಳ ದೊಡ್ಡ ಸಿಂಥಸೈಜರ್. ಎರಡನೆಯದು ಟಿಆರ್-808 ಎಂಬ ತಾಳಯಂತ್ರ. ಅದರ ಕೆಳಬದಿಯಲ್ಲಿ ಸಾಲಾಗಿ ಹದಿನಾರು ಗುಂಡಿಗಳಿವೆ. ಕೆಂಪು ನಾಲ್ಕು, ಕಿತ್ತಳೆ ನಾಲ್ಕು, ಹಳದಿ ನಾಲ್ಕು, ಬಿಳಿ ನಾಲ್ಕು. ಅದನ್ನು ಕಂಡ ಯಾವ ತಬಲಾ ವಿದ್ಯಾರ್ಥಿಗೂ ತೀನ್‌ತಾಳದ ಹದಿನಾರು ಮಾತ್ರೆಗಳೂ ನಾಲ್ಕು ವಿಭಾಗಗಳೂ ನೆನಪಾಗದೆ ಇರವು. ಸಾಮ್ಯ ಲೆಕ್ಕದ್ದು ಮಾತ್ರ, ತತ್ತ್ವದ್ದಲ್ಲ: ತೀನ್‌ತಾಳದಲ್ಲಿ ಒಂಬತ್ತನೆಯ ಮಾತ್ರೆ ಖಾಲಿ, ಅಲ್ಲಿ ಎಡಗೈಯ ಡಗ್ಗ ಮೌನವಾಗುವುದರಿಂದಲೇ ಮೊದಲ ಮಾತ್ರೆಯಾದ ಸಮ್ಮಿಗೆ ಮರಳಿ ಬರುವ ಸುಖ ಹುಟ್ಟುತ್ತದೆ. ಡಿಸ್ಕೋ ತಾಳದಲ್ಲಿ ಖಾಲಿಯೆಂಬುದಿಲ್ಲ. ನಾಲ್ಕು ಪೆಟ್ಟೂ ಸಮಭಾರದವು. ಆದುದರಿಂದ ಈ ತಟ್ಟೆಯಲ್ಲಿ ಸಮ್ಮಿನ ಆನಂದವನ್ನು ನಿರೀಕ್ಷಿಸಿ ಕುಳಿತವರಿಗೆ ಅದು ದೊರೆಯಲಾರದು. ಅದನ್ನು ಮೊದಲೇ ಹೇಳಿಬಿಡುವುದು ನ್ಯಾಯ.

ಮೂರನೆಯದಾದ ಟಿಬಿ-303ರ ಕಥೆ ವಿಚಿತ್ರವಾದುದು. ತೊಡೆಯ ಮೇಲೆ ಇಟ್ಟುಕೊಳ್ಳಬಹುದಾದಷ್ಟು ಚಿಕ್ಕದಾದ, ಬೆಳ್ಳಿಯ ಬಣ್ಣದ ಪ್ಲಾಸ್ಟಿಕ್ ಪೆಟ್ಟಿಗೆ. ಮೇಲ್ಸಾಲಿನಲ್ಲಿ ತಿರುಗಿಸುವ ಆರು ಗುಬುಟುಗಳು. ಕೆಳಗೆ ಮಕ್ಕಳಾಟಿಕೆಯ ಹಾರ್ಮೋನಿಯಮ್ಮಿನಂತೆ ಒಂದೇ ಸ್ಥಾಯಿಯ ಮನೆಗಳು. ಒಬ್ಬನೇ ಕುಳಿತು ಗಿಟಾರ್ ಅಭ್ಯಾಸ ಮಾಡುವವನಿಗೆ ಮಂದ್ರದ ಪಕ್ಕವಾದ್ಯವಾಗಲೆಂದು ಮಾಡಿದ ಯಂತ್ರವಿದು. ಆದರೆ ಅದರ ನಾದ ಬೇಸ್ ಗಿಟಾರಿನದಾಗಿರಲಿಲ್ಲ. ಸ್ವರಗಳನ್ನು ಒಂದು ಸಲ, ಅವುಗಳ ಕಾಲಪ್ರಮಾಣವನ್ನು ಮತ್ತೊಂದು ಸಲ, ಬೇರೆಬೇರೆಯಾಗಿ ಅದಕ್ಕೆ ತುಂಬಬೇಕಾಗಿದ್ದುದರಿಂದ ಕೊಂಡವರು ಬೇಸತ್ತರು. 1984ರ ಹೊತ್ತಿಗೆ ತಯಾರಿಕೆ ನಿಂತಿತು. ಈ ಪೆಟ್ಟಿಗೆಗೆ ಒಂದು ಗುಣವಿತ್ತು. ಒಂದು ಸ್ವರದಿಂದ ಮುಂದಿನ ಸ್ವರಕ್ಕೆ ಕಡಿಯದೆ ಜಾರುವಂತೆ ಅದಕ್ಕೆ ಆಜ್ಞೆ ಮಾಡಬಹುದಾಗಿತ್ತು. ಗಿಟಾರಿನವರಿಗೆ ಅದರಿಂದ ಹೆಚ್ಚೇನೂ ಆಗಬೇಕಾಗಿರಲಿಲ್ಲ. ಸ್ವರಗಳನ್ನು ಹೀಗೆಯೇ ಜಾರಿಸುವ ಮೀಂಡಿನ ಸಂಸ್ಕಾರವಿದ್ದ ಕಿವಿಗೆ ಮಾತ್ರ ಅದು ಒಂದು ಕಿಂಡಿ ತೆರೆದಂತಾಯಿತು. ಸಾರಂಗಿಯ ಮೀಂಡಿಗೂ ಈ ಜಾರಿಕೆಗೂ ಆನೆ-ಇರುವೆಗಳ ಅಂತರ. ಆದರೂ ಯಂತ್ರದ ಸ್ವಭಾವದಲ್ಲಿ ರಾಗಕ್ಕೆ ಒದಗಬಹುದಾದ ಒಂದಂಶವನ್ನು ಗುರುತಿಸಿ ಅದನ್ನೇ ಹಿಡಿದುಕೊಂಡುದು ಕಲಾವಿದನ ವಿವೇಕ.

ಆ ವಿವೇಕ ರಾಗಗಳ ಆಯ್ಕೆಯಲ್ಲಿ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಮೊದಲ ಮಗ್ಗುಲಿನಲ್ಲಿ ಭೈರವ, ಲಲಿತ, ಭೂಪಾಲಿ, ತೋಡಿ, ಮಧುವಂತಿ. ಎರಡನೆಯದರಲ್ಲಿ ಮೇಘಮಲ್ಹಾರ, ಯಮನ, ಕಲಾವತಿ, ಮಾಲಕಂಸ, ಬೈರಾಗಿ. ಒಂದೊಂದೂ ಸುಮಾರು ಐದು ನಿಮಿಷ. ಇವುಗಳಲ್ಲಿ ಭೂಪಾಲಿ, ಮೇಘ, ಕಲಾವತಿ, ಮಾಲಕಂಸ, ಬೈರಾಗಿ ಈ ಐದೂ ಐದೈದು ಸ್ವರಗಳ ಔಡವ ರಾಗಗಳು. ಸ್ವರಗಳ ನಡುವೆ ವಿಶಾಲವಾದ ಅವಕಾಶವಿರುವುದರಿಂದ, ಹದಿನಾರು ಗುಂಡಿಗಳ ಚೌಕಟ್ಟಿನಲ್ಲಿ ಎಷ್ಟು ವೇಗವಾಗಿ ಓಡಿಸಿದರೂ ಅವುಗಳ ಮುಖಲಕ್ಷಣ ಕದಡುವುದಿಲ್ಲ. ಎರಡು ಪದ್ಧತಿಗಳ ನಡುವೆ ಬಾಳುವ ನಮ್ಮ ನಾಡಿನ ಕೇಳುಗರಿಗೆ ಇದರಲ್ಲಿ ಇನ್ನೊಂದು ಸುಖವುಂಟು. ಧಾರವಾಡದವರಿಗೆ ಭೂಪಾಲಿಯಾಗಿ ಕೇಳಿಸುವುದು ಮೈಸೂರಿನವರಿಗೆ ಮೋಹನದ ನೆನಪನ್ನು ತರುವುದು. ಮಾಲಕಂಸದಲ್ಲಿ ಹಿಂದೋಳವೂ, ಕಲಾವತಿಯಲ್ಲಿ ವಲಜಿಯೂ, ಬೈರಾಗಿಯಲ್ಲಿ ರೇವತಿಯೂ, ಯಮನದಲ್ಲಿ ಕಲ್ಯಾಣಿಯೂ ಇಣುಕುವುವು. ಹಿಂದುಸ್ತಾನಿ ತೋಡಿ ನಮ್ಮ ತೋಡಿಯಲ್ಲ. ಅದರ ಸ್ವರಗಳು ಶುಭಪಂತುವರಾಳಿಯವು. ಗಮಕವೇ ಪ್ರಾಣವಾದ ಕರ್ಣಾಟಕ ತೋಡಿಯನ್ನು ಈ ಮೂರು ಯಂತ್ರಗಳು ಹೊತ್ತು ತರಲಾರದೆ ಹೋಗುತ್ತಿದ್ದುವೆಂದು ನಾನು ಖಂಡಿತವಾಗಿ ಹೇಳಬಲ್ಲೆ.

ಲಲಿತದ ಮಾತನ್ನು ಪ್ರತ್ಯೇಕವಾಗಿಯೇ ಹೇಳಬೇಕು. ನಸುಕಿನ ಈ ರಾಗದಲ್ಲಿ ಪಂಚಮವಿಲ್ಲ. ಶುದ್ಧ, ತೀವ್ರ ಮಧ್ಯಮಗಳೆರಡೂ ಒಂದರ ಬೆನ್ನಿಗೊಂದು ಬರುತ್ತವೆ. ನೃತ್ಯಸಂಗೀತದ ಮಂದ್ರಸ್ವರವು ಸಾಮಾನ್ಯವಾಗಿ ಆತುಕೊಳ್ಳುವುದು ಷಡ್ಜ-ಪಂಚಮಗಳೆಂಬ ಎರಡು ಕಂಬಗಳಿಗೆ. ಇಲ್ಲಿ ಒಂದು ಕಂಬ ರಾಗದಲ್ಲಿಯೇ ಇಲ್ಲ. ಡಿಸ್ಕೋ ತಾಳಕ್ಕೆ ಇದಕ್ಕಿಂತ ಪ್ರತಿಕೂಲವಾದ ರಾಗವನ್ನು ಹುಡುಕಿದರೂ ಸಿಕ್ಕದು. ಆದರೆ ಕೇಳಿ ನೋಡಿದರೆ, ಪಕ್ಕಪಕ್ಕದ ಮನೆಗಳಲ್ಲಿರುವ ಆ ಎರಡು ಮಧ್ಯಮಗಳು ಜೂಪಿಟರಿನ ನಾದದಲ್ಲಿ ಒಂದರ ಮೇಲೊಂದು ಹೊರಳುವಾಗ, ಬೆಳಕೂ ಅಲ್ಲದ ಕತ್ತಲೂ ಅಲ್ಲದ ಆ ಹೊತ್ತಿನ ಕಳವಳ ಇದ್ದಕ್ಕಿದ್ದಂತೆ ಮೂಡಿಬಿಡುತ್ತದೆ. ಕೆಳಗೆ ತಾಳಯಂತ್ರ ಎಡೆಬಿಡದೆ ಕುಟ್ಟುತ್ತಿದ್ದರೂ ರಾಗ ತನ್ನ ಮನೆಯಲ್ಲಿ ತಾನು ನಿಶ್ಚಿಂತವಾಗಿ ಕುಳಿತಿದೆ. ಚಿತ್ರಸಂಗೀತದಲ್ಲಿ ಬದುಕು ಸವೆಸಿದವರು ರಾಗದ ಕೆಳಗೆ ಪಾಶ್ಚಾತ್ಯ ಸ್ವರಮೇಳಗಳ ಸರಣಿಯನ್ನು ಹೆಣೆಯುವುದು ಎಷ್ಟು ಸುಲಭವಾಗಿತ್ತು, ಎಷ್ಟು ಆಕರ್ಷಕವೂ ಆಗಿತ್ತು! ಚರಣಜಿತ್ ಸಿಂಗರು ಆ ಆಸೆಗೆ ಒಳಗಾಗಲಿಲ್ಲ. ಈ ತಟ್ಟೆಯನ್ನು ಉಳಿಸಿದುದು ಈ ಸಂಯಮವೇ.

ಭೈರವದ ರಿಷಭದ ಗತಿಯೇನಾಯಿತು? ಆಂದೋಲನವು ಪೂರ್ತಿಯಾಗಿ ಬಂದಿಲ್ಲ, ಬರುವಂತೆಯೂ ಇರಲಿಲ್ಲ. ಸ್ವರ ಜಾರುತ್ತದೆ, ಬಾಗುತ್ತದೆ, ಉಸಿರಾಡುವುದಿಲ್ಲ. ಮಲ್ಲಿಕಾರ್ಜುನ ಮನ್ಸೂರರ ಕಂಠದಲ್ಲಿ ರಾಗ ಕೇಳಿದ ಕಿವಿ ಈ ಕೊರತೆಯನ್ನು ಮೊದಲ ನಿಮಿಷದಲ್ಲಿಯೇ ಗುರುತಿಸುವುದು. ಅದನ್ನು ಮುಚ್ಚಿಟ್ಟು ಹೊಗಳುವುದು ಸಲ್ಲದು. ಆದರೆ ಕೊರತೆಯೊಂದೇ ನಿರಾಕರಣೆಗೆ ಸಾಕಾದ ಕಾರಣವಲ್ಲವೆಂದು ನಮ್ಮ ಸಂಗೀತದ ಇತಿಹಾಸವೇ ತೋರಿಸಿದೆ. ಹಾರ್ಮೋನಿಯಮ್ಮಿನ ಸ್ವರಗಳು ಸ್ಥಿರವಾದವು, ಶ್ರುತಿಸೂಕ್ಷ್ಮವನ್ನೂ ಮೀಂಡನ್ನೂ ಅವು ಅರಿಯವು ಎಂಬ ಕಾರಣದಿಂದ 1940ರಲ್ಲಿ ಆಲ್ ಇಂಡಿಯಾ ರೇಡಿಯೊ ಆ ವಾದ್ಯಕ್ಕೆ ಬಾಗಿಲು ಮುಚ್ಚಿತು. ಆ ಬಾಗಿಲು ಮತ್ತೆ ಸ್ವಲ್ಪ ತೆರೆಯಲು ಮೂರು ದಶಕಗಳು ಬೇಕಾದವು. ಅಷ್ಟರಲ್ಲಿ ಉತ್ತರ ಕರ್ನಾಟಕದ ನಾಟಕ ಕಂಪನಿಗಳಲ್ಲಿ, ಭಜನೆಯ ಮನೆಗಳಲ್ಲಿ, ಖ್ಯಾಲ್ ಗಾಯಕರ ಪಕ್ಕದಲ್ಲಿ ಹಾರ್ಮೋನಿಯಂ ತನ್ನ ಸ್ಥಾನವನ್ನು ಕಂಡುಕೊಂಡುಬಿಟ್ಟಿತ್ತು. 1979ರಲ್ಲಿ ಬೆಂಗಳೂರಿನ ಜಿ. ರಾಜನಾರಾಯಣರು ವಿದ್ಯುತ್ ತಂಬೂರವನ್ನು ನಿರ್ಮಿಸಿದರು; ಇಂದು ಮುಂಜಾನೆ ಯಾವ ಬೀದಿಯಲ್ಲಿ ನಡೆದರೂ, ಸಾಧಕರ ಮನೆಯ ಕಿಟಕಿಯಿಂದ ಆ ಪೆಟ್ಟಿಗೆಯ ಶ್ರುತಿ ಕೇಳಿಬರುವುದು; ಅದನ್ನು ಅಪಚಾರವೆನ್ನುವವರಿಲ್ಲ. ಅದಕ್ಕೂ ಹತ್ತು ವರ್ಷ ಹಿಂದೆ, 1969ರಲ್ಲಿ, ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಮೂಗ್ ಸಿಂಥಸೈಜರಿನೊಡನೆ ಒಂದು ವಿದ್ಯುತ್ ಸಂಗೀತಶಾಲೆಯೇ ನೆಲೆಗೊಂಡಿದ್ದಿತು. ಯಂತ್ರನಾದವು ನಮ್ಮಲ್ಲಿ ನಿನ್ನೆ ಮೊನ್ನೆ ಬಂದ ಅತಿಥಿಯಲ್ಲ.

ಇನ್ನೊಂದು ಸಂಗತಿ, ಚಿಕ್ಕದಾದರೂ ನನಗೆ ಪ್ರಿಯವಾದುದು. ಹತ್ತು ರಾಗಗಳ ಸರಣಿ ಗಡಿಯಾರವನ್ನು ಕಟ್ಟುನಿಟ್ಟಾಗಿ ಅನುಸರಿಸುವುದಿಲ್ಲ. ಸಂಜೆಯ ಭೂಪಾಲಿ ಬೆಳಗಿನ ರಾಗಗಳ ನಡುವೆ ಬಂದು ಕುಳಿತಿದೆ. ಹಾಗಿದ್ದರೂ ತಟ್ಟೆ ಮೊದಲಾಗುವುದು ಪ್ರಾತಃಕಾಲದ ಭೈರವದಿಂದ. ಎರಡನೆಯ ಮಗ್ಗುಲಿನಲ್ಲಿ ಮಳೆಯ ಮೇಘವಾದ ಮೇಲೆ ಸಂಧ್ಯೆಯ ಯಮನ, ರಾತ್ರಿಯ ಕಲಾವತಿ, ನಡುರಾತ್ರಿಯ ಮಾಲಕಂಸ, ಕೊನೆಗೆ ಮತ್ತೆ ಬೆಳಗಿನ ಬೈರಾಗಿ. ಕುಣಿಯುವವರಿಗಾಗಿ ಹಾಕಿದ ತಾಳದ ಮೇಲೆಯೂ ಒಂದು ಹಗಲು, ಒಂದು ರಾತ್ರಿ ಉರುಳಿ ಮರುದಿನದ ಬೆಳಕು ಹರಿಯುತ್ತದೆ. ಬೇಕೆಂದು ಮಾಡಿದುದೋ, ಅಭ್ಯಾಸಬಲದಿಂದ ತಾನಾಗಿ ಬಂದುದೋ, ರಾಗಕ್ಕೊಂದು ಹೊತ್ತುಂಟೆಂಬ ನಂಬಿಕೆ ಆ ಕೈಗಳಲ್ಲಿ ಇದ್ದಿತು.

ಮರುಮುದ್ರಣದ ನಂತರ, ಎಪ್ಪತ್ತರ ವಯಸ್ಸಿನಲ್ಲಿ, ಚರಣಜಿತ್ ಸಿಂಗರು ಯುರೋಪಿನ ವೇದಿಕೆಗಳ ಮೇಲೆ ಈ ರಾಗಗಳನ್ನು ಮತ್ತೆ ನುಡಿಸಿದರು. ಅವರ ಮೊಮ್ಮಕ್ಕಳ ವಯಸ್ಸಿನವರು ಭೈರವಕ್ಕೆ, ಯಮನಕ್ಕೆ ಕುಣಿದರು. 2015ರ ಜುಲೈ ತಿಂಗಳಲ್ಲಿ ಅವರು ಮುಂಬಯಿಯಲ್ಲಿ ತೀರಿಕೊಂಡರು. ಆ ತಟ್ಟೆ ಈಗ ದುರ್ಲಭವಲ್ಲ. ಕೈಯಲ್ಲಿರುವ ಫೋನಿನಲ್ಲಿಯೇ ದೊರೆಯುತ್ತದೆ. ಓದುಗರಲ್ಲಿ ನನ್ನದೊಂದು ಬಿನ್ನಹ: ಚಿಕಾಗೊದ ಲೆಕ್ಕವನ್ನು ಮರೆತು, ಲಲಿತವನ್ನು ನಸುಕಿನಲ್ಲಿ, ಮಾಲಕಂಸವನ್ನು ನಡುರಾತ್ರಿಯಲ್ಲಿ, ಧ್ವನಿಯನ್ನು ತುಸು ತಗ್ಗಿಸಿ, ತಾಳವನ್ನು ಅದರ ಪಾಡಿಗೆ ಬಿಟ್ಟು ಸ್ವರಗಳನ್ನು ಮಾತ್ರ ಹಿಂಬಾಲಿಸಿ ಒಮ್ಮೆ ಕೇಳಿ, ಮೊದಲ ಸಲಕ್ಕೆ ಹಿಡಿಸದಿದ್ದರೆ ಎರಡನೆಯ ಸಲ ಕೇಳಿ.