ನಾಯಿಯ ಬೆನ್ನುಮೂಳೆಯನ್ನು ಎಂಆರ್‌ಐನಲ್ಲಿ ಗುರುತಿಸುವುದು ಹೇಗೆ?

ಪ್ರಶ್ನೆ: ಎಂಆರ್‌ಐ ನೋಡಿದ ವೈದ್ಯರು ನಾಯಿಯ ಬೆನ್ನಿನ ತೊಂದರೆ ಯಾವ ಮೂಳೆಯ ಬಳಿ ಇದೆಯೆಂದು ಹೇಗೆ ಹೇಳುತ್ತಾರೆ?
– ಓದುಗರು, ಕೊಂಡಾಪುರ, ಹೈದರಾಬಾದ್

ಉತ್ತರ: ಬೆನ್ನುಮೂಳೆಯ ಮಣಿಗಳನ್ನು ಎಣಿಸಿ ಹೇಳುತ್ತಾರೆ. ನಾಯಿಯ ಕುತ್ತಿಗೆಯಲ್ಲಿ 7, ಎದೆಭಾಗದಲ್ಲಿ 13, ಸೊಂಟದಲ್ಲಿ 7 ಮಣಿಗಳಿರುತ್ತವೆ. ಅವುಗಳ ಹಿಂದೆ 3 ಮಣಿಗಳು ಬೆಸೆದ ತ್ರಿಕಾಸ್ಥಿ. ಎಣಿಕೆ ತ್ರಿಕಾಸ್ಥಿಯಿಂದಲೋ ಕೊನೆಯ ಪಕ್ಕೆಲುಬಿನಿಂದಲೋ ಶುರುವಾಗುತ್ತದೆ. ಇನ್ನು ತೊಂದರೆಯನ್ನು ಗುರುತಿಸುವುದು ಬಣ್ಣದಿಂದ: ಎಂಆರ್‌ಐನ ‘ಟಿ2’ ಎಂಬ ಬಗೆಯ ಚಿತ್ರದಲ್ಲಿ ಬೆನ್ನುಹುರಿ ಬೂದು, ಸುತ್ತಲಿನ ದ್ರವ ಬಿಳಿ. ಮಣಿಗಳ ನಡುವಿನ ಡಿಸ್ಕ್ ಆರೋಗ್ಯವಾಗಿದ್ದರೆ ಅದರ ತಿರುಳಿನಲ್ಲಿ ನೀರಿನಂಶ ಹೆಚ್ಚು, ಅದಕ್ಕೇ ಅದು ಹೊಳೆಯುತ್ತದೆ. ಒಣಗಿದ್ದು ಕಪ್ಪಾಗಿ ಕಾಣುತ್ತದೆ. ಡ್ಯಾಶ್‌ಹುಂಡ್‌ಗಳಲ್ಲಿ ಡಿಸ್ಕ್ ಹೆಚ್ಚಾಗಿ ಜಾರುವುದು ಎದೆ, ಸೊಂಟ ಕೂಡುವ ಜಾಗದಲ್ಲಿ. ಕೆಲವು ನಾಯಿಗಳಲ್ಲಿ ಮಣಿಗಳ ಸಂಖ್ಯೆಯೇ ಬೇರೆಯಾಗಿರುವುದರಿಂದ ಎಕ್ಸ್‌ರೇ ಜೊತೆ ತಾಳೆ ನೋಡುವುದು ಒಳ್ಳೆಯದು. ನಿಮ್ಮ ನಾಯಿ ಹಿಂಗಾಲು ಎಳೆಯತೊಡಗಿದರೆ ಕಾಯಬೇಡಿ, ಅಂದೇ ಪಶುವೈದ್ಯರಿಗೆ ತೋರಿಸಿ.