ಹಲ್ಲನ್ನು ಅಳೆಯುವ ಯಂತ್ರಕ್ಕೂ ಪರೀಕ್ಷೆ ಬೇಕು

ಸುಶ್ರುತ ಸಂಹಿತೆಯ ಸೂತ್ರಸ್ಥಾನದಲ್ಲಿ ಚಿಕಿತ್ಸೆಯ ಉಪಕರಣಗಳಿಗೆಂದೇ ಮೀಸಲಾದ ಎರಡು ಅಧ್ಯಾಯಗಳಿವೆ. ಯಂತ್ರಗಳಿಗೆ 12 ದೋಷಗಳನ್ನೂ ಶಸ್ತ್ರಗಳಿಗೆ 8 ದೋಷಗಳನ್ನೂ ಆಚಾರ್ಯರು ಅಲ್ಲಿ ಎಣಿಸಿದ್ದಾರೆ. ಅತಿ ದಪ್ಪ, ಅತಿ ಉದ್ದ, ಡೊಂಕು, ಸಡಿಲ, ಹಿಡಿತವಿಲ್ಲದಿರುವುದು ಇವೆಲ್ಲ ದೋಷಗಳೇ. ಹಲ್ಲಿನ ಪಾಚಿಯನ್ನು ಕೆರೆದು ತೆಗೆಯುವ ದಂತಶಂಕುವೂ ಆ ಶಸ್ತ್ರಗಳ ಸಾಲಿನಲ್ಲಿದೆ. ಸಾಣೆ ಹಿಡಿದ ಶಸ್ತ್ರವು ಕೂದಲನ್ನು ಕತ್ತರಿಸುವಂತಿದ್ದರೆ ಮಾತ್ರ ಬಳಕೆಗೆ ಯೋಗ್ಯ. ರೋಗಿಯನ್ನು ಮುಟ್ಟುವ ಮೊದಲು ಉಪಕರಣವನ್ನು ಪರೀಕ್ಷಿಸಬೇಕೆಂಬ ಈ ನಿಯಮವು ಇಂದಿನ ದಂತವೈದ್ಯರ ಸ್ಕ್ಯಾನರ್‌ಗೂ ಅನ್ವಯಿಸುತ್ತದೆ.

ಮಾಸ್ತಿ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಭಾಗದ ಸದ್ಭಕ್ತರಿಗೆ ಈ ವಿಷಯ ದೂರದ್ದಲ್ಲ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಪ್ರಮಾಣ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರಿಲ್ಲದಿದ್ದರೆ 1.5 ಮಿಲಿಗ್ರಾಂವರೆಗೆ ಮಾತ್ರ ಒಪ್ಪಬಹುದೆಂಬುದು ಭಾರತೀಯ ಮಾನಕ. ಕೋಲಾರ ಜಿಲ್ಲೆಯ ಅನೇಕ ಕೊಳವೆಬಾವಿಗಳ ನೀರು ಈ ಮಿತಿಯನ್ನು ಮೀರಿರುವುದು ಸರ್ವವಿದಿತ. ಬಾಲ್ಯದಲ್ಲಿ ಅಂತಹ ನೀರು ಕುಡಿದವರ ಹಲ್ಲುಗಳಲ್ಲಿ ಬಿಳಿ, ಹಳದಿ, ಕಂದು ಕಲೆಗಳು ಮೂಡುತ್ತವೆ. ದೋಷ ತೀವ್ರವಾಗಿದ್ದರೆ ದಂತಕವಚವೇ ಉದುರುತ್ತದೆ. ಇಂಥವರಲ್ಲಿ ಹಲವರು ಕೂಡಿಟ್ಟ ಹಣ ವ್ಯಯಿಸಿ ಕೋಲಾರಕ್ಕೋ ಬೆಂಗಳೂರಿಗೋ ಹೋಗಿ ಹಲ್ಲಿಗೆ ಕ್ಯಾಪ್ ಹಾಕಿಸಿಕೊಳ್ಳುತ್ತಾರೆ. ನಾವು ದಂತವೈದ್ಯರಲ್ಲ. ಆದರೂ ಕ್ಯಾಪ್ ಹಾಕಿಸಿದ ಹಲ್ಲಿನ ಬುಡದಲ್ಲಿ ನೋವು, ಒಸಡಿನ ಊತವೆಂದು ನಮ್ಮ ಬಳಿಗೂ ಜನ ಬರುವುದರಿಂದ ಇದನ್ನು ವಿವರಿಸುವುದು ಉಚಿತವೆನಿಸಿತು.

ಹಿಂದೆ ಕ್ಯಾಪ್‌ಗಾಗಿ ಬಾಯಿಯೊಳಗೆ ಮೆತ್ತನೆಯ ಪದಾರ್ಥವಿಟ್ಟು ಅಚ್ಚು ತೆಗೆಯುತ್ತಿದ್ದರು. ಈಗ ಹಲವೆಡೆ ಕೈಯಲ್ಲಿ ಹಿಡಿಯುವ ಸ್ಕ್ಯಾನರನ್ನು ಬಾಯಿಯೊಳಗೆ ಆಡಿಸುತ್ತಾರೆ. ಅದು ಹಲ್ಲಿನ ಮೇಲೆ ಬೆಳಕು ಚೆಲ್ಲಿ ಒಂದರ ಹಿಂದೊಂದು ಚಿತ್ರ ತೆಗೆಯುತ್ತದೆ. ಗಣಕಯಂತ್ರವು ಆ ಚಿತ್ರಗಳನ್ನು ಜೋಡಿಸಿ ಹಲ್ಲಿನ ಪೂರ್ಣ ಆಕೃತಿಯನ್ನು ರಚಿಸುತ್ತದೆ. ಇದರಲ್ಲಿ ಕ್ಷಕಿರಣವಿಲ್ಲ. ಆದರೆ ಕ್ಯಾಪ್ ತಯಾರಾಗುವುದು ಆ ಆಕೃತಿಯ ಅಳತೆಗೆ. ಹಲ್ಲಿಗೂ ಕ್ಯಾಪಿನ ಅಂಚಿಗೂ ನಡುವಿನ ಸಂದು ಸುಮಾರು 120 ಮೈಕ್ರಾನ್ ಮೀರಬಾರದೆಂಬುದು ದಂತವೈದ್ಯರು ಬಹುಕಾಲದಿಂದ ಉಲ್ಲೇಖಿಸುವ ಮಿತಿ. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ; ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. ಸುಶ್ರುತರು ಶಸ್ತ್ರವನ್ನು ಕೂದಲಿನಿಂದ ಪರೀಕ್ಷಿಸಿದರು. ಇಂದಿನ ಸ್ಕ್ಯಾನರ್ ಒಂದು ಹಲ್ಲನ್ನು ಅಳೆಯುವಾಗ ಕೂದಲೆಳೆಯಷ್ಟೂ ತಪ್ಪದಿರಬೇಕು.

ಹಾಲಿನ ಡೇರಿಯಲ್ಲಿ ಫ್ಯಾಟ್ ಅಳೆಯುವ ಯಂತ್ರ ತುಸು ತಪ್ಪಿದರೆ ರೈತನಿಗೆ ಬರುವ ಹಣ ಕಡಿಮೆಯಾಗುತ್ತದೆ. ಆದ್ದರಿಂದಲೇ ಆ ಯಂತ್ರವನ್ನು ಗೊತ್ತಿರುವ ಮಾದರಿಯೊಡನೆ ಹೋಲಿಸಿ ಸರಿಪಡಿಸುತ್ತಾರೆ. ಈ ಕ್ರಮಕ್ಕೆ ಕ್ಯಾಲಿಬ್ರೇಷನ್ ಎಂದು ಹೆಸರು. ದಂತ ಸ್ಕ್ಯಾನರ್‌ಗೂ ಇದೇ ರೀತಿ. ನಿಖರವಾದ ಅಳತೆಯ ಒಂದು ಮಾದರಿ ಫಲಕವನ್ನು ಸ್ಕ್ಯಾನರ್ ಓದುತ್ತದೆ. ತಾನು ಕಂಡ ಅಳತೆಗೂ ಫಲಕದ ನಿಜವಾದ ಅಳತೆಗೂ ಇರುವ ವ್ಯತ್ಯಾಸವನ್ನು ತಿದ್ದಿಕೊಳ್ಳುತ್ತದೆ. ಯಂತ್ರ ಕೆಳಗೆ ಬಿದ್ದರೆ, ಪ್ರಯಾಣದಲ್ಲಿ ಕುಲುಕಿದರೆ, ಉಷ್ಣತೆ ಏರುಪೇರಾದರೆ ಒಳಗಿನ ಕನ್ನಡಿ, ಮಸೂರಗಳ ಸ್ಥಾನ ಸೂಕ್ಷ್ಮವಾಗಿ ಬದಲಾಗಬಹುದು. ಕೆಲವು ಯಂತ್ರಗಳಿಗೆ ವಾರಕ್ಕೊಮ್ಮೆ ಕ್ಯಾಲಿಬ್ರೇಷನ್ ಬೇಕು, ಕೆಲವಕ್ಕೆ ಇನ್ನೂ ವಿರಳವಾಗಿ ಸಾಕು; ಕೆಲವು ಹೊಸ ಯಂತ್ರಗಳಿಗೆ ಚಿಕಿತ್ಸಾಲಯದಲ್ಲಿ ಅದರ ಅಗತ್ಯವೇ ಇಲ್ಲ. ತಯಾರಕರ ಸೂಚನೆಯೇ ಇಲ್ಲಿ ಪ್ರಮಾಣ. ಫಲಕದ ಮೇಲೆ ಧೂಳು, ಗೀರು, ಬೆರಳಿನ ಗುರುತು ಇದ್ದರೆ ತಿದ್ದುಪಡಿಯೇ ತಪ್ಪಾಗುತ್ತದೆ.

ಒಂದೆರಡು ಹಲ್ಲುಗಳಲ್ಲಿ ಕಾಣದ ದೋಷವು ಇಡೀ ದವಡೆಯನ್ನು ಸ್ಕ್ಯಾನ್ ಮಾಡುವಾಗ ಚಿತ್ರದಿಂದ ಚಿತ್ರಕ್ಕೆ ಸೇರುತ್ತ ಬೆಳೆಯುತ್ತದೆ. ಬಣ್ಣವನ್ನೂ ಗುರುತಿಸುವ ಸ್ಕ್ಯಾನರ್‌ಗಳಿಗೆ ವರ್ಣದ ಕ್ಯಾಲಿಬ್ರೇಷನ್ ಪ್ರತ್ಯೇಕವಾಗಿರುವುದುಂಟು. ಕಲೆಗಟ್ಟಿದ ಹಲ್ಲುಗಳ ನಡುವೆ ಹೊಂದುವ ಬಣ್ಣವನ್ನು ಆರಿಸುವುದು ಮೊದಲೇ ಕಠಿಣವಾದ್ದರಿಂದ ನಮ್ಮ ಜಿಲ್ಲೆಯವರಿಗೆ ಇದು ಮುಖ್ಯ. ಅಳತೆ ತಪ್ಪಿದ ಕ್ಯಾಪಿನ ಸಂದಿನಲ್ಲಿ ಆಹಾರ ಸೇರಿ, ಕಣ್ಣಿಗೆ ಕಾಣದಂತೆ ಒಳಗಿನ ಹಲ್ಲು ಹುಳುಕಾಗುತ್ತದೆ. ಕ್ಯಾಪ್‌ಗಾಗಿ ಒಮ್ಮೆ ಅರೆದ ಹಲ್ಲು ಮರಳಿ ಬೆಳೆಯುವುದಿಲ್ಲ.

ದವಡೆಯ ಎಲುಬಿನಲ್ಲಿ ಕೃತಕ ಹಲ್ಲು ಕೂರಿಸುವಾಗ ಬಳಸುವ ತ್ರಿಆಯಾಮದ ಕ್ಷಕಿರಣ ಸ್ಕ್ಯಾನಿನ ವಿಷಯ ಇನ್ನೂ ಗಂಭೀರ. ಕೆಳದವಡೆಯ ನರದಿಂದ ಸುಮಾರು 2 ಮಿಲಿಮೀಟರ್ ಅಂತರವಿರಿಸಿಕೊಂಡು ವೈದ್ಯರು ತಿರುಪನ್ನು ಇಳಿಸುತ್ತಾರೆ. ಚಿತ್ರದ ಅಳತೆ ಒಂದು ಮಿಲಿಮೀಟರ್ ತಪ್ಪಿದರೂ ಆ ರಕ್ಷಣೆಯ ಅರ್ಧ ಹೋದಂತೆ. ನರಕ್ಕೆ ಪೆಟ್ಟಾದರೆ ತುಟಿ, ಗದ್ದ ಮರಗಟ್ಟಬಹುದು. ಈ ಯಂತ್ರಕ್ಕೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಪರವಾನಗಿ ಬೇಕು. ನಿಗದಿತ ಅವಧಿಗೊಮ್ಮೆ ಗುಣಮಟ್ಟ ಪರೀಕ್ಷೆಯೂ ನಡೆಯಬೇಕು.

ಭಕ್ತಾದಿಗಳು ಚಿಕಿತ್ಸೆಗೆ ಹೋದಾಗ ವಿನಯದಿಂದ ಮೂರು ಮಾತು ಕೇಳಬಹುದು: ಸ್ಕ್ಯಾನರಿನ ಕ್ಯಾಲಿಬ್ರೇಷನ್ ಕೊನೆಯ ಬಾರಿ ಎಂದು ಆಯಿತು? ಕ್ಷಕಿರಣ ಯಂತ್ರದ ಗುಣಮಟ್ಟ ಪರೀಕ್ಷೆಯ ಪತ್ರ ಇದೆಯೇ? ಕ್ಯಾಪನ್ನು ಅಂಟಿಸುವ ಮೊದಲು ಕೂರಿಸಿ ನೋಡುವಿರಾ? ಶ್ರದ್ಧೆಯುಳ್ಳ ವೈದ್ಯರು ಇದಕ್ಕೆ ಬೇಸರಿಸುವುದಿಲ್ಲ. ಸ್ಕ್ಯಾನರ್ ಇಲ್ಲದ ವೈದ್ಯರು ಕಡಿಮೆಯೆಂದೂ ಭಾವಿಸಬಾರದು. ಜಾಗ್ರತೆಯಿಂದ ತೆಗೆದ ಅಚ್ಚು ಇಂದಿಗೂ ನಂಬಿಕೆಗೆ ಅರ್ಹ. ಕೂರಿಸಿ ನೋಡುವಾಗ ಕಚ್ಚಿದರೆ ಎತ್ತರವೆನಿಸಿದರೂ, ಅಂಚು ನಾಲಗೆಗೆ ತಡೆದರೂ ಸಂಕೋಚಪಡದೆ ಆಗಲೇ ಹೇಳಬೇಕು. ಅಂಟಿಸಿದ ಮೇಲೆ ಹೇಳಿದರೆ ಅದನ್ನು ಒಡೆದೇ ತೆಗೆಯಬೇಕಾದೀತು.