ಕ್ಯಾಮೆರಾದೊಳಗಿನ ಬೀಗ

ಮನುಷ್ಯನು ಒಂದು ವಸ್ತುವನ್ನು ಹಣ ಕೊಟ್ಟು ಕೊಂಡ ಮೇಲೆ ಅದು ಸಂಪೂರ್ಣವಾಗಿ ಅವನದಾಗುತ್ತದೆ ಎಂಬುದು ಬಹುಕಾಲದಿಂದ ನಡೆದುಬಂದ ನಂಬಿಕೆ. ನೇಗಿಲನ್ನು ಕೊಂಡ ರೈತನು ಅದರ ಗುಳವನ್ನು ಬಳಸುವುದಕ್ಕಾಗಿ ಕಮ್ಮಾರನಿಗೆ ಮತ್ತೊಮ್ಮೆ ಹಣ ತೆರಬೇಕಾಗಿಲ್ಲ. ಗಡಿಯಾರವನ್ನು ಕೊಂಡವನು ಅದರ ನಿಮಿಷದ ಮುಳ್ಳನ್ನು ನೋಡಲು ಬೇರೆ ಅನುಮತಿ ಪಡೆಯಬೇಕಾಗಿಲ್ಲ. ಆದರೆ ಗಣಕಯಂತ್ರವು ಇತರ ಯಂತ್ರಗಳ ಒಡಲನ್ನು ಹೊಕ್ಕ ಮೇಲೆ ಈ ನಂಬಿಕೆ ಸಡಿಲಗೊಳ್ಳತೊಡಗಿದೆ. ಯಂತ್ರದಲ್ಲಿ ಒಂದು ಸಾಮರ್ಥ್ಯವು ಅಡಗಿದ್ದರೂ, ಇನ್ನಷ್ಟು ಹಣವನ್ನು ಸಲ್ಲಿಸುವವರೆಗೆ ಅದು ಕೊಂಡವನಿಗೆ ದೊರೆಯದಿರುವ ಸಂದರ್ಭಗಳು ಉಂಟಾಗಿವೆ. ಈ ಬದಲಾವಣೆಯನ್ನು ಸ್ಪಷ್ಟವಾಗಿ ತೋರಿಸಿಕೊಡುವ ಉಪಕರಣಗಳಲ್ಲಿ ಕ್ಯಾಮೆರಾ ಒಂದು.

ಫಿಲ್ಮಿನ ಕಾಲದ ಕ್ಯಾಮೆರಾದಲ್ಲಿ ಬಹುಮಟ್ಟಿಗೆ ಪ್ರತಿಯೊಂದು ಸೌಲಭ್ಯಕ್ಕೂ ಕಣ್ಣಿಗೆ ಕಾಣುವ, ಕೈಗೆ ಸಿಕ್ಕುವ ಒಂದು ಭಾಗವಿರುತ್ತಿತ್ತು. ಜಪಾನಿನ ನಿಕಾನ್ ಕಂಪೆನಿಯು 1959ರಲ್ಲಿ ಹೊರತಂದ 'ನಿಕಾನ್ ಎಫ್' ಎಂಬ ಕ್ಯಾಮೆರಾದಲ್ಲಿ, ಛಾಯಾಗ್ರಾಹಕನು ಕಣ್ಣಿಟ್ಟು ನೋಡುವ ಭಾಗವನ್ನು ಕಳಚಿ ಬೇರೊಂದನ್ನು ಜೋಡಿಸಬಹುದಾಗಿತ್ತು. ಬೆಳಕನ್ನು ಅಳೆಯುವ ಮಾಪಕವನ್ನು ಒಳಗೊಂಡ ಇಂತಹ ಭಾಗವೊಂದು 1962ರಲ್ಲಿ ಮಾರಾಟಕ್ಕೆ ಬಂದಿತು. ಹಳೆಯ ಕ್ಯಾಮೆರಾ ಉಳ್ಳವರು ಅದನ್ನು ಕೊಂಡು ತಮ್ಮ ಯಂತ್ರಕ್ಕೆ ಹೊಸ ಶಕ್ತಿಯನ್ನು ತಂದುಕೊಂಡರು. ಇಲ್ಲಿ ಕೊಟ್ಟ ಹಣಕ್ಕೆ ಪ್ರತಿಯಾಗಿ ಗಾಜು, ಲೋಹ ಮತ್ತು ಕುಶಲಕರ್ಮಿಯ ದುಡಿಮೆ ಕೈಗೆ ಬರುತ್ತಿದ್ದವು. ಕೊಡುವವನಿಗಾಗಲಿ ಕೊಳ್ಳುವವನಿಗಾಗಲಿ ಈ ವ್ಯವಹಾರದಲ್ಲಿ ಸಂಶಯಕ್ಕೆ ಎಡೆಯಿರಲಿಲ್ಲ.

ಡಿಜಿಟಲ್ ಕ್ಯಾಮೆರಾದ ರಚನೆ ಬೇರೆ. ಅದರ ಮಸೂರದ ಹಿಂದೆ ಫಿಲ್ಮಿನ ಬದಲು ಬೆಳಕನ್ನು ವಿದ್ಯುತ್ ಸಂಕೇತವನ್ನಾಗಿ ಮಾರ್ಪಡಿಸುವ ಸಂವೇದಕವಿದೆ. ಆ ಸಂಕೇತಗಳನ್ನು ಲೆಕ್ಕಹಾಕಿ ಚಿತ್ರವನ್ನಾಗಿ ರೂಪಿಸಲು ಒಂದು ಪುಟ್ಟ ಗಣಕವಿದೆ. ಈ ಗಣಕವು ಏನು ಮಾಡಬೇಕು, ಯಾವ ಗುಂಡಿಯನ್ನು ಒತ್ತಿದರೆ ಯಾವ ಕೆಲಸ ನಡೆಯಬೇಕು ಎಂಬುದನ್ನು ತಿಳಿಸುವ ಆದೇಶಗಳ ಮಾಲೆಗೆ ಫರ್ಮ್‌ವೇರ್ ಎಂದು ಹೆಸರು. ವಿದ್ಯುತ್ತು ನಿಂತರೂ ಅಳಿಯದ, ಆದರೆ ಬೇಕೆಂದಾಗ ಅಳಿಸಿ ಮತ್ತೆ ಬರೆಯಬಹುದಾದ ಸ್ಮೃತಿಕೋಶದಲ್ಲಿ ಇದನ್ನು ಇರಿಸಿರುತ್ತಾರೆ. ತಯಾರಕರು ಹೊಸ ಆದೇಶಮಾಲೆಯನ್ನು ಸಿದ್ಧಪಡಿಸಿದರೆ, ಗ್ರಾಹಕನು ಅದನ್ನು ಒಂದು ಮೆಮೊರಿ ಕಾರ್ಡಿನ ಮೂಲಕ ಕ್ಯಾಮೆರಾಕ್ಕೆ ತುಂಬಬಹುದು. ಒಂದು ತಿರುಪನ್ನೂ ಸಡಿಲಿಸದೆ ಯಂತ್ರದ ಗುಣವೇ ಬದಲಾಗಿಬಿಡುತ್ತದೆ.

ಈ ಅನುಕೂಲವು ಮೊದಮೊದಲು ಗ್ರಾಹಕರಿಗೆ ವರವಾಗಿ ಒದಗಿತು. ಕೆನಾನ್ ಕಂಪೆನಿಯು 2008ರಲ್ಲಿ ಹೊರತಂದ '5ಡಿ ಮಾರ್ಕ್ 2' ಕ್ಯಾಮೆರಾದಲ್ಲಿ ಚಲನಚಿತ್ರವನ್ನು ತೆಗೆಯುವ ಸೌಲಭ್ಯವಿದ್ದಿತು. ಆದರೆ ಬೆಳಕಿನ ಪ್ರಮಾಣವನ್ನು ತಾನೇ ನಿಯಂತ್ರಿಸುವ ಸ್ವಾತಂತ್ರ್ಯ ಛಾಯಾಗ್ರಾಹಕನಿಗೆ ಇರಲಿಲ್ಲ. 2009ರಲ್ಲಿ ಬಂದ ಹೊಸ ಫರ್ಮ್‌ವೇರ್ ಆ ಸ್ವಾತಂತ್ರ್ಯವನ್ನು ಕೊಟ್ಟಿತು. ಚಲನಚಿತ್ರರಂಗದಲ್ಲಿ ರೂಢಿಯಲ್ಲಿರುವಂತೆ ಸೆಕೆಂಡಿಗೆ 24 ಚಿತ್ರಗಳ ವೇಗವನ್ನು 2010ರ ಇನ್ನೊಂದು ಪರಿಷ್ಕರಣೆ ಒದಗಿಸಿತು. ಇವೆರಡಕ್ಕೂ ಗ್ರಾಹಕರು ಏನನ್ನೂ ತೆರಬೇಕಾಗಲಿಲ್ಲ. ಫ್ಯೂಜಿಫಿಲ್ಮ್ ಕಂಪೆನಿಯು ಇದಕ್ಕಿಂತಲೂ ಒಂದು ಹೆಜ್ಜೆ ಮುಂದೆ ಹೋಯಿತು. 2011ರಲ್ಲಿ ಮಾರುಕಟ್ಟೆಗೆ ಬಂದ ಅದರ 'ಎಕ್ಸ್100' ಎಂಬ ಕ್ಯಾಮೆರಾದ ಸ್ಥಾನಕ್ಕೆ 2013ರಲ್ಲಿ ಹೊಸ ಮಾದರಿ ಬಂದಿದ್ದರೂ, ಅದೇ ವರ್ಷ ಹಳೆಯ ಮಾದರಿಗೂ ಉಚಿತವಾದ ಪರಿಷ್ಕರಣೆಯನ್ನು ಅದು ನೀಡಿತು. ನಿರಂತರವಾದ ಸುಧಾರಣೆಯನ್ನು ಜಪಾನೀ ಭಾಷೆಯಲ್ಲಿ 'ಕೈಜೆನ್' ಎನ್ನುತ್ತಾರೆ. ಆ ಕಂಪೆನಿಯ ಈ ರೀತಿಗೆ ಛಾಯಾಗ್ರಾಹಕರ ನಡುವೆ ಅದೇ ಹೆಸರು ರೂಢಿಗೆ ಬಂದಿತು.

ಆದರೆ ಆದೇಶಗಳಿಂದ ಸಾಮರ್ಥ್ಯವನ್ನು ಕೂಡಿಸಬಹುದಾದರೆ, ಆದೇಶಗಳಿಂದಲೇ ಅದನ್ನು ಮುಚ್ಚಿಡಲೂ ಬಹುದು. 2003ರಲ್ಲಿ ಕೆನಾನ್ ಕಂಪೆನಿಯು ಎರಡು ಕ್ಯಾಮೆರಾಗಳನ್ನು ಹೊರತಂದಿತು. '10ಡಿ' ಎಂಬುದರ ಬೆಲೆ ಅಮೆರಿಕದಲ್ಲಿ ಸುಮಾರು 1500 ಡಾಲರು. '300ಡಿ' ಎಂಬುದರ ಬೆಲೆ ಸುಮಾರು 900 ಡಾಲರು. ಅಗ್ಗದ ಕ್ಯಾಮೆರಾದ ಹೊರಮೈ ಪ್ಲಾಸ್ಟಿಕ್ಕಿನದು. ಅದರೊಳಗೆ ಗಾಜಿನ ಅಶ್ರಗದ ಬದಲು ಕನ್ನಡಿಗಳಿದ್ದವು. ಬೆಲೆಯ ಅಂತರಕ್ಕೆ ಇವು ನ್ಯಾಯವಾದ ಕಾರಣಗಳೇ. ಆದರೆ ಎರಡರಲ್ಲಿಯೂ 63 ಲಕ್ಷ ಬಿಂದುಗಳ ಸಂವೇದಕವೇ ಇದ್ದು, ಒಳಗಿನ ಗಣಕವೂ ಒಂದೇ ಬಗೆಯದಾಗಿತ್ತು. ಕೆಲವು ಹವ್ಯಾಸಿಗಳು 300ಡಿ ಕ್ಯಾಮೆರಾದ ಫರ್ಮ್‌ವೇರನ್ನು ಪರಿಶೀಲಿಸಿ ತಿದ್ದಿದಾಗ, ಫ್ಲ್ಯಾಶ್ ದೀಪದ ಬೆಳಕನ್ನು ಹೆಚ್ಚು ಕಡಿಮೆ ಮಾಡುವುದೇ ಮೊದಲಾದ, ದುಬಾರಿ ಕ್ಯಾಮೆರಾದ ಹಲವು ಸೌಲಭ್ಯಗಳು ಅದರಲ್ಲಿಯೂ ಕೆಲಸ ಮಾಡತೊಡಗಿದವು. ಸಾಮರ್ಥ್ಯವು ಅಲ್ಲಿ ಇರಲಿಲ್ಲವೆಂದಲ್ಲ, ಅದಕ್ಕೆ ಬಾಗಿಲು ಹಾಕಲಾಗಿತ್ತು. 'ದೇವರು ವರ ಕೊಟ್ಟರೂ ಪೂಜಾರಿ ವರ ಕೊಡ' ಎಂಬ ಗಾದೆ ಯಂತ್ರಕ್ಕೂ ಅನ್ವಯಿಸುವ ಕಾಲ ಬಂದಿತು.

ಮುಂದಿನ ಹಂತದಲ್ಲಿ ಆ ಬಾಗಿಲಿನ ಕೀಲಿಯೇ ಮಾರಾಟದ ವಸ್ತುವಾಯಿತು. ಪ್ಯಾನಸಾನಿಕ್ ಕಂಪೆನಿಯು 2014ರ 'ಜಿಎಚ್4' ಕ್ಯಾಮೆರಾಕ್ಕೆ 'ವಿ-ಲಾಗ್ ಎಲ್' ಎಂಬ ಸೌಲಭ್ಯವನ್ನು 2015ರಲ್ಲಿ ಸುಮಾರು 99 ಡಾಲರಿಗೆ ಮಾರಿತು. ಇದರ ಮಹತ್ವವನ್ನು ಅರಿಯಲು ಸ್ವಲ್ಪ ಗಣಿತ ಬೇಕಾಗುತ್ತದೆ. ಕ್ಯಾಮೆರಾವು ಕಪ್ಪಿನಿಂದ ಬಿಳಿಯವರೆಗಿನ ಬೆಳಕನ್ನು 256 ಮೆಟ್ಟಿಲುಗಳಲ್ಲಿ ಬರೆದಿಡುತ್ತದೆಂದು ಭಾವಿಸಬಹುದು. ಬೆಳಕಿನ ಪ್ರಮಾಣಕ್ಕೆ ಅನುಗುಣವಾಗಿ ಮೆಟ್ಟಿಲುಗಳನ್ನು ಹಂಚಿದರೆ, ಬೆಳಕು ಕೊನೆಯ ಬಾರಿ ಇಮ್ಮಡಿಯಾಗುವ ಅತ್ಯಂತ ಪ್ರಕಾಶಮಾನವಾದ ಭಾಗಕ್ಕೆ 128 ಮೆಟ್ಟಿಲುಗಳು ಹೋಗುತ್ತವೆ. ಅದರ ಕೆಳಗಿನದಕ್ಕೆ 64, ಮುಂದಿನದಕ್ಕೆ 32. ಹೀಗೆ ಇಳಿಯುತ್ತ ನೆರಳಿನ ಭಾಗಕ್ಕೆ ಒಂದೆರಡು ಮೆಟ್ಟಿಲುಗಳಷ್ಟೇ ಉಳಿಯುತ್ತವೆ. ಮರದ ನೆರಳಿನಲ್ಲಿ ನಿಂತವನ ಮುಖದ ವಿವರಗಳು ಆಗ ಕಪ್ಪಿನಲ್ಲಿ ಕಳೆದುಹೋಗುತ್ತವೆ. ಲಾಗರಿದಮ್ ಎಂಬ ಗಣಿತಕ್ರಮವನ್ನು ಅನುಸರಿಸಿ, ಬೆಳಕು ಇಮ್ಮಡಿಯಾಗುವ ಪ್ರತಿಯೊಂದು ಹಂತಕ್ಕೂ ಹೆಚ್ಚು ಕಡಿಮೆ ಸಮನಾದ ಮೆಟ್ಟಿಲುಗಳನ್ನು ಕೊಟ್ಟರೆ, ಬಿಸಿಲಿನಲ್ಲಿರುವ ಮೋಡವೂ ನೆರಳಿನಲ್ಲಿರುವ ಮುಖವೂ ಒಂದೇ ದೃಶ್ಯದಲ್ಲಿ ಉಳಿಯುತ್ತವೆ. ಚಲನಚಿತ್ರ ತೆಗೆಯುವವರಿಗೆ ಇದು ಬಹಳ ಬೆಲೆಯುಳ್ಳ ಗುಣ. ಗಮನಿಸಬೇಕಾದ ಸಂಗತಿಯೆಂದರೆ, ಇದಕ್ಕಾಗಿ ಸಂವೇದಕವನ್ನು ಬದಲಾಯಿಸಬೇಕಾಗಿಲ್ಲ. ಅದು ಕಂಡದ್ದನ್ನು ಬರೆದಿಡುವ ಕ್ರಮವನ್ನು ಬದಲಾಯಿಸಿದರೆ ಸಾಕು.

ಈ ಕೀಲಿಯು ಲೋಹದ ಕೀಲಿಯಂತಲ್ಲ. ಹಣ ತೆತ್ತವನಿಗೆ ಒಂದು ಸಂಕೇತಸಂಖ್ಯೆ ದೊರೆಯುತ್ತದೆ. ಅದರೊಡನೆ ಅವನು ತನ್ನ ಕ್ಯಾಮೆರಾದ ಕ್ರಮಸಂಖ್ಯೆಯನ್ನು ಕಂಪೆನಿಗೆ ತಿಳಿಸಬೇಕು. ಆ ಸಂಖ್ಯೆಗೆಂದೇ ಸಿದ್ಧವಾದ ಕಡತವನ್ನು ಕ್ಯಾಮೆರಾಕ್ಕೆ ತುಂಬಿದಾಗ, ಅದುವರೆಗೆ ಕಾಣದಿದ್ದ ಆಯ್ಕೆಯು ಪರದೆಯ ಮೇಲೆ ಕಾಣಿಸಿಕೊಳ್ಳುತ್ತದೆ. ಒಂದು ಕ್ಯಾಮೆರಾಕ್ಕಾಗಿ ಕೊಂಡ ಕೀಲಿ ಇನ್ನೊಂದಕ್ಕೆ ಸಲ್ಲುವುದಿಲ್ಲ.

ಇತರ ತಯಾರಕರೂ ಇದೇ ಹಾದಿಯಲ್ಲಿ ನಡೆದರು. ಕೆನಾನ್ ಕಂಪೆನಿಯು 2016ರ '5ಡಿ ಮಾರ್ಕ್ 4' ಕ್ಯಾಮೆರಾಕ್ಕೆ ಇಂಥದೇ ಸೌಲಭ್ಯವನ್ನು 2017ರಲ್ಲಿ 99 ಡಾಲರಿಗೆ ನೀಡಿತು. ಅದಕ್ಕಾಗಿ ಕ್ಯಾಮೆರಾವನ್ನು ಕಂಪೆನಿಯ ಸೇವಾಕೇಂದ್ರಕ್ಕೆ ಕಳುಹಿಸಬೇಕಾಗಿತ್ತು. ನಿಕಾನ್ ಕಂಪೆನಿಯು 2018ರ 'ಜೆಡ್6' ಮತ್ತು 'ಜೆಡ್7' ಕ್ಯಾಮೆರಾಗಳಿಗೆ, ಸಂವೇದಕದ ಮೂಲ ಮಾಹಿತಿಯನ್ನು ಹೊರಗಿನ ಮುದ್ರಣಯಂತ್ರವೊಂದಕ್ಕೆ ರವಾನಿಸುವ ಶಕ್ತಿಯನ್ನು 2019ರ ಡಿಸೆಂಬರಿನಲ್ಲಿ ಸುಮಾರು 200 ಡಾಲರಿಗೆ ಒದಗಿಸಿತು. ಸೋನಿ ಕಂಪೆನಿಯು ತನ್ನ ಕೆಲವು ಕ್ಯಾಮೆರಾಗಳ ಪರದೆಯ ಮೇಲೆ ಬಳಸುವವರು ತಮಗೆ ಬೇಕಾದಂತೆ ಮಾರ್ಗದರ್ಶಕ ರೇಖೆಗಳನ್ನು ಮೂಡಿಸಿಕೊಳ್ಳುವ ಸೌಲಭ್ಯಕ್ಕೆ 149 ಡಾಲರಿನ ಬೆಲೆಯನ್ನು ಇಟ್ಟಿತು. ಶಾಲೆಗಳಲ್ಲಿ ನೂರಾರು ಮಕ್ಕಳ ಭಾವಚಿತ್ರವನ್ನು ಒಂದೇ ಅಳತೆಯಲ್ಲಿ ತೆಗೆಯುವವರಿಗೆ ಇಂತಹ ರೇಖೆಗಳು ಉಪಯುಕ್ತವೆಂಬುದು ನಿಜ. ಆದರೆ ಪರದೆಯ ಮೇಲೆ ಕೆಲವು ಗೆರೆಗಳನ್ನು ಎಳೆಯುವುದಕ್ಕೆ ಇಷ್ಟು ಬೆಲೆಯೇ ಎಂಬ ಆಕ್ಷೇಪವು ಛಾಯಾಗ್ರಾಹಕರಿಂದ ಬಂದಿತು.

ತಯಾರಕರ ಪಕ್ಷದಲ್ಲಿಯೂ ಹೇಳಬೇಕಾದ ಮಾತುಗಳುಂಟು. ಆದೇಶಮಾಲೆಯು ತಾನಾಗಿ ಹುಟ್ಟುವುದಿಲ್ಲ. ಎಂಜಿನಿಯರುಗಳು ತಿಂಗಳುಗಟ್ಟಲೆ ಶ್ರಮಿಸಿ ಅದನ್ನು ರಚಿಸಿ, ಪರೀಕ್ಷಿಸಿ, ದೋಷಗಳನ್ನು ಕಳೆಯಬೇಕು. ಕಣ್ಣಿಗೆ ಕಾಣುವುದಿಲ್ಲವೆಂಬ ಕಾರಣಕ್ಕೆ ಬುದ್ಧಿಯ ದುಡಿಮೆಗೆ ಕೂಲಿ ಬೇಡವೆನ್ನುವುದು ಅನ್ಯಾಯ. ನಿಕಾನ್ ಕ್ಯಾಮೆರಾದ ಸೌಲಭ್ಯವು ಆಪಲ್ ಕಂಪೆನಿಯು ರೂಪಿಸಿದ ಮುದ್ರಣಕ್ರಮವನ್ನು ಆಧರಿಸಿದ್ದಂತೆ, ಕೆಲವು ಸೌಲಭ್ಯಗಳು ಅನ್ಯರ ಆವಿಷ್ಕಾರವನ್ನು ಅವಲಂಬಿಸಿರುತ್ತವೆ. ಇದಲ್ಲದೆ ಲೆಕ್ಕಪತ್ರದ ನಿಯಮಗಳ ತೊಡಕೂ ಇದೆ. 2007ರಲ್ಲಿ ಆಪಲ್ ಕಂಪೆನಿಯು ತಾನು ಈಗಾಗಲೇ ಮಾರಿದ್ದ ಗಣಕಗಳಲ್ಲಿ ಅಡಗಿದ್ದ ವೇಗವಾದ ನಿಸ್ತಂತು ಸಂಪರ್ಕದ ಶಕ್ತಿಯನ್ನು ತೆರೆಯಲು 1 ಡಾಲರು 99 ಸೆಂಟುಗಳನ್ನು ವಿಧಿಸಿತು. ಮಾರಿದ ವಸ್ತುವಿಗೆ ಆಮೇಲೆ ಉಚಿತವಾಗಿ ಹೊಸ ಗುಣವನ್ನು ಸೇರಿಸಿದರೆ, ಮೊದಲಿನ ಮಾರಾಟವು ಅಪೂರ್ಣವಾಗಿತ್ತೆಂದು ಲೆಕ್ಕದಲ್ಲಿ ಎಣಿಸಬೇಕಾಗುತ್ತದೆ ಎಂಬುದು ಆ ಕಂಪೆನಿಯು ಕೊಟ್ಟ ಕಾರಣ. ಇನ್ನೊಂದು ವಾದವೂ ವಿಚಾರಾರ್ಹವಾಗಿದೆ. ಮದುವೆಯ ಚಿತ್ರಗಳನ್ನಷ್ಟೇ ತೆಗೆಯುವವನಿಗೆ ಚಲನಚಿತ್ರಕಾರನ ಸೌಲಭ್ಯ ಬೇಕಿಲ್ಲ. ಅದರ ವೆಚ್ಚವನ್ನು ಎಲ್ಲರ ಮೇಲೂ ಹೊರಿಸುವುದಕ್ಕಿಂತ, ಬೇಕಾದವನಿಂದ ಮಾತ್ರ ಪಡೆಯುವುದು ಲೇಸಲ್ಲವೆ?

ಈ ಪ್ರಶ್ನೆ ಹೊಸದಲ್ಲ. ಫ್ರಾನ್ಸಿನ ಎಂಜಿನಿಯರೂ ಅರ್ಥಶಾಸ್ತ್ರಜ್ಞನೂ ಆಗಿದ್ದ ಜೂಲ್ ದ್ಯುಪ್ವಿ ಎಂಬಾತನು 1849ರಲ್ಲಿಯೇ ರೈಲುಗಾಡಿಗಳ ವಿಷಯವಾಗಿ ಇದನ್ನು ಚರ್ಚಿಸಿದ್ದನು. ಆಗಿನ ಮೂರನೆಯ ದರ್ಜೆಯ ಕೆಲವು ಗಾಡಿಗಳಿಗೆ ಚಾವಣಿಯೇ ಇರುತ್ತಿರಲಿಲ್ಲ. ಚಾವಣಿ ಹಾಕಲು ತಗಲುವ ವೆಚ್ಚ ಅಲ್ಪವೇ ಆಗಿತ್ತು. ಬಡವರನ್ನು ನೋಯಿಸುವುದು ರೈಲು ಕಂಪೆನಿಗಳ ಉದ್ದೇಶವಾಗಿರಲಿಲ್ಲ. ಎರಡನೆಯ ದರ್ಜೆಯ ದರವನ್ನು ತೆರಬಲ್ಲವರು ಮೂರನೆಯ ದರ್ಜೆಗೆ ಇಳಿಯದಂತೆ ಅವರನ್ನು ಹೆದರಿಸುವುದೇ ಉದ್ದೇಶವಾಗಿತ್ತು ಎಂದು ಅವನು ವಿವರಿಸಿದನು. ಆದರೂ ಮಳೆಯಲ್ಲಿ ನೆನೆದವರು ಬಡವರೇ. ವಸ್ತುವನ್ನು ಉದ್ದೇಶಪೂರ್ವಕವಾಗಿ ಕುಂದಿಸಿ, ಕುಂದನ್ನು ನೀಗಲು ಬೆಲೆ ಕೇಳುವ ಪದ್ಧತಿಗೆ ಇಷ್ಟು ಹಳೆಯ ಇತಿಹಾಸವಿದೆ.

ಆದುದರಿಂದ ಹಣ ಕೇಳಿದ ಸಂದರ್ಭಗಳೆಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಕ್ಯಾಮೆರಾವನ್ನು ಮಾರಿದ ಮೇಲೆ ಹೊಸದಾಗಿ ದುಡಿದು ರಚಿಸಿದ ಸೌಲಭ್ಯಕ್ಕೆ ಬೆಲೆ ಕೇಳುವುದು ಒಂದು. ಮಾರುವಾಗಲೇ ಸಿದ್ಧವಾಗಿದ್ದುದನ್ನು ಮುಚ್ಚಿಟ್ಟು, ತೆರೆಯಲು ಬೆಲೆ ಕೇಳುವುದು ಇನ್ನೊಂದು. ಮೊದಲನೆಯದು ನಿಕಾನ್ ಎಫ್ ಕ್ಯಾಮೆರಾದ ಮಾಪಕಕ್ಕೆ ಸಮೀಪವಾದುದು. ಎರಡನೆಯದು ಚಾವಣಿಯಿಲ್ಲದ ಗಾಡಿಗೆ ಸಮೀಪವಾದುದು. ಆದರೆ ಆದೇಶಮಾಲೆಯು ಕಣ್ಣಿಗೆ ಕಾಣದುದರಿಂದ ಇವೆರಡರ ನಡುವಣ ಗೆರೆಯನ್ನು ಗ್ರಾಹಕನು ಗುರುತಿಸುವುದು ಸುಲಭವಲ್ಲ. ಪ್ಯಾನಸಾನಿಕ್ ಕಂಪೆನಿಯು 2017ರ 'ಜಿಎಚ್5' ಕ್ಯಾಮೆರಾಕ್ಕೂ ವಿ-ಲಾಗ್ ಸೌಲಭ್ಯವನ್ನು ಪ್ರತ್ಯೇಕವಾಗಿಯೇ ಮಾರಿತು. ಅದು ಎರಡು ವರ್ಷಗಳ ಹಿಂದೆಯೇ ಸಿದ್ಧವಾಗಿದ್ದ ಕ್ರಮ. ಮರುವರ್ಷದ 'ಜಿಎಚ್5ಎಸ್' ಮಾದರಿಯಲ್ಲಿ ಅದು ಮೊದಲೇ ಸೇರಿಕೊಂಡಿತ್ತು. ಪೈಪೋಟಿ ಬೆಳೆದಂತೆ ಬೆಲೆಯುಳ್ಳ ಕೀಲಿಯು ಸಾಮಾನ್ಯ ಸೌಲಭ್ಯವಾಗುವುದಕ್ಕೆ ಇದು ನಿದರ್ಶನ.

ಇದು ಛಾಯಾಗ್ರಾಹಕರಿಗೆ ಮಾತ್ರ ಸಂಬಂಧಿಸಿದ ವಿಚಾರವಲ್ಲ. ಗಣಕವು ಸೇರಿಕೊಂಡಿರುವ ಯಾವ ಯಂತ್ರದಲ್ಲಾದರೂ ಇಂತಹ ಬೀಗವನ್ನು ಹಾಕಬಹುದು. ಅಮೆರಿಕದ ಟೆಸ್ಲಾ ಕಂಪೆನಿಯು ತನ್ನ ಕೆಲವು ವಿದ್ಯುತ್ ಕಾರುಗಳಲ್ಲಿ 75 ಕಿಲೋವಾಟ್-ಗಂಟೆ ಸಾಮರ್ಥ್ಯದ ಬ್ಯಾಟರಿಯನ್ನು ಇರಿಸಿ, ಆದೇಶಮಾಲೆಯ ಮೂಲಕ ಅದನ್ನು ಮಿತಿಗೊಳಿಸಿ ಕಡಿಮೆ ಬೆಲೆಗೆ ಮಾರಿತ್ತು. 2017ರಲ್ಲಿ ಇರ್ಮಾ ಎಂಬ ಚಂಡಮಾರುತವು ಫ್ಲಾರಿಡಾ ಪ್ರಾಂತದತ್ತ ಧಾವಿಸಿ ಜನರು ಊರು ಬಿಟ್ಟು ಹೊರಟಾಗ, ಅವರು ಹೆಚ್ಚು ದೂರ ಸಾಗಲೆಂದು ಕಂಪೆನಿಯು ಆ ಮಿತಿಯನ್ನು ತಾತ್ಕಾಲಿಕವಾಗಿ ತೆಗೆದುಹಾಕಿತು. ಅದು ಮಾನವೀಯವಾದ ಕಾರ್ಯವೆಂಬುದರಲ್ಲಿ ಸಂಶಯವಿಲ್ಲ. ಆದರೆ ಕಾರಿನೊಡೆಯನು ದಿನವೂ ಹೊತ್ತು ತಿರುಗುತ್ತಿದ್ದ ಶಕ್ತಿಯ ಕೀಲಿಯು ದೂರದಲ್ಲಿದ್ದ ಇನ್ನೊಬ್ಬರ ಕೈಯಲ್ಲಿತ್ತೆಂಬುದನ್ನೂ ಆ ಘಟನೆ ತಿಳಿಸಿಕೊಟ್ಟಿತು.

ಕೀಲಿಯನ್ನು ಕೊಡುವವರು ಸದಾ ಅಂಗಡಿ ತೆರೆದಿರುತ್ತಾರೆಂಬ ಭರವಸೆಯೂ ಇಲ್ಲ. ಸೋನಿ ಕಂಪೆನಿಯು ತನ್ನ ಕೆಲವು ಕ್ಯಾಮೆರಾಗಳಿಗೆ ಸಣ್ಣ ಸಣ್ಣ ಸೌಲಭ್ಯಗಳನ್ನು ಅಂತರಜಾಲದ ಮೂಲಕ ಬಿಡಿಬಿಡಿಯಾಗಿ ಮಾರುತ್ತಿದ್ದ ಸೇವೆಯನ್ನು 2025ರಲ್ಲಿ ನಿಲ್ಲಿಸಿತು. ಇನ್ನು ಬೀಗವನ್ನು ತಾವೇ ತೆರೆಯಲು ಹೊರಟವರೂ ಇದ್ದಾರೆ. 2009ರಲ್ಲಿ ಆರಂಭವಾದ 'ಮ್ಯಾಜಿಕ್ ಲ್ಯಾಂಟರ್ನ್' ಎಂಬ ಉಚಿತ ಆದೇಶಮಾಲೆಯನ್ನು ಸ್ವಯಂಸೇವಕರು ಕೆನಾನ್ ಕ್ಯಾಮೆರಾಗಳಿಗಾಗಿ ಬೆಳೆಸಿದರು. ತಯಾರಕರೇ ಕೊಡದಿದ್ದ ಹಲವು ಶಕ್ತಿಗಳನ್ನು ಅದು ಹೊರತಂದಿತು. ಆದರೆ ಅದರಿಂದ ಕ್ಯಾಮೆರಾ ಕೆಟ್ಟರೆ ಹೊಣೆ ಬಳಸುವವನದೇ.

ಬುದ್ಧಿವಂತನಾದ ಗ್ರಾಹಕನು ಹಿಂದೆ ವಸ್ತುವನ್ನು ತಟ್ಟಿ, ತೂಗಿ, ತಿರುಗಿಸಿ ನೋಡಿ ಕೊಳ್ಳುತ್ತಿದ್ದನು. ಕಣ್ಣಿಗೆ ಕಾಣದ ಆದೇಶಗಳಿಂದ ನಡೆಯುವ ಯಂತ್ರವನ್ನು ಹಾಗೆ ಪರೀಕ್ಷಿಸಲಾಗದು. ಅದನ್ನು ಪ್ರಶ್ನೆಗಳಿಂದಲೇ ಪರೀಕ್ಷಿಸಬೇಕು. ಕೊಳ್ಳುವ ದಿನ ಈ ಯಂತ್ರವು ಏನೇನು ಮಾಡಬಲ್ಲುದು? ಮುಂದೆ ಕೊಡುವುದಾಗಿ ಹೇಳಿದ್ದಕ್ಕೆ ಬೆಲೆ ಉಂಟೆ? ಆ ಬೆಲೆಯು ಹೊಸ ದುಡಿಮೆಗೋ, ಹಳೆಯ ಬೀಗಕ್ಕೋ? ಕಂಪೆನಿಯು ತನ್ನ ಸೇವೆಯನ್ನು ನಿಲ್ಲಿಸಿದರೆ ಕೊಂಡ ಸೌಲಭ್ಯವು ಉಳಿಯುವುದೆ? ಈ ಪ್ರಶ್ನೆಗಳಿಗೆ ಮಾರುವವನು ಮುಚ್ಚುಮರೆಯಿಲ್ಲದೆ ಉತ್ತರಿಸಿದರೆ, ಹೆಚ್ಚಿನ ಬೆಲೆಯೂ ನ್ಯಾಯವಾದ ವ್ಯಾಪಾರವೆನಿಸಬಹುದು. ಉತ್ತರಿಸದಿದ್ದರೆ, ಅಗ್ಗದ ಬೆಲೆಯೂ ದುಬಾರಿಯಾಗಬಹುದು. ಒಡೆತನವೆಂಬುದು ವಸ್ತುವನ್ನು ಮನೆಗೆ ತಂದ ಮಾತ್ರಕ್ಕೆ ಪೂರ್ಣವಾಗುವುದಿಲ್ಲ. ಅದರ ಕೀಲಿಯು ಯಾರ ಬಳಿಯಿದೆ ಎಂಬುದನ್ನು ಅರಿತಾಗಲೇ ಕೊಂಡದ್ದೇನೆಂಬುದು ತಿಳಿಯುತ್ತದೆ.